ಸಸ್ಯಕುಟುಂಬದ ಪ್ರಕಾರ ನರ್ಸರಿ ಜೋಡಿಸಿದ ನನ್ನ ಅನುಭವ

ಪ್ಲೈವುಡ್ಡಿಗೆ ಹೋಗುವ ಹೆಬ್ಬೇವಿನ ಹೆಸರಿನಲ್ಲಿ ಯಾರು ಎಷ್ಟೆಷ್ಟು ಕಳೆದುಕೊಂಡರು ಎಂದು ತುಮಕೂರು ಸೀಮೆಯ ನರ್ಸರಿಯವರಿಗೆ ನಾನು ಹೇಳಬೇಕಾಗಿಲ್ಲ. ನನ್ನ ಪಾಲಿಗೆ ಬಂದ ನಷ್ಟ ಮೂವತ್ತು ಸಾವಿರದ ಆಸುಪಾಸು. ಹೊರ ಜಿಲ್ಲೆಯ ವ್ಯಾಪಾರಿಯೊಬ್ಬ ಹೆಬ್ಬೇವೆಂದು ಕೊಟ್ಟ ಬೀಜ ಹುಚ್ಚುಬೇವಿನದಾಗಿತ್ತು. ಸಸಿ ಒಯ್ದಿದ್ದ ಕೊರಟಗೆರೆ ಕಡೆಯ ರೈತರು, ಗಿಡ ತಿಳಿನೇರಳೆ ಹೂ ಬಿಟ್ಟಾಗ ನನ್ನ ಬಾಗಿಲಿಗೆ ಬಂದರು. ಹೆಬ್ಬೇವಿನ ಹೂ ಹಸಿರು ಮಿಶ್ರಿತ ಬಿಳಿ. ಜಗಳವಾಡಲು ಜಾಗವೇ ಇರಲಿಲ್ಲ, ಕೆಲವರಿಗೆ ಹಣ ವಾಪಸು ಕೊಟ್ಟೆ, ಉಳಿದವರಿಗೆ ಬೇರೆ ಸಸಿ ಕೊಟ್ಟೆ. ವ್ಯಾಪಾರಿಯನ್ನು ಕೇಳಿದರೆ, 'ಎರಡೂ ಬೇವೇ ಅಲ್ಲವೇ ಸ್ವಾಮಿ' ಎಂದ.

ಎರಡೂ ಮೆಲಿಯಾ ಕುಲದವೇ (ಜೀನಸ್), ನಿಜ. ಹೆಬ್ಬೇವು ಮೆಲಿಯಾ ಡುಬಿಯಾ, ಹುಚ್ಚುಬೇವು ಮೆಲಿಯಾ ಅಜೆಡರಾಕ್. ದುಡ್ಡು ಹೋದದ್ದು ಆ ಎರಡನೆಯ ಪದದಲ್ಲಿ. ಅಲ್ಲಿಂದ ಮುಂದೆ ನಾನು ಬೀಜ ಕೊಳ್ಳುವುದು, ಸಸಿ ಮಾರುವುದು, ಬಿಲ್ ಬರೆಯುವುದು ಎಲ್ಲವೂ ವೈಜ್ಞಾನಿಕ ಹೆಸರಿನಲ್ಲಿಯೇ. ಇಷ್ಟಕ್ಕೇ ನಿಲ್ಲದೆ, ರಸ್ತೆ ಬದಿಯ ತೆಂಗು, ಅಡಿಕೆಯ ಸಾಲು ಬಿಟ್ಟು ಹಿಂದಿನ ಮಡಿಗಳನ್ನೆಲ್ಲ ಸಸ್ಯಕುಟುಂಬದ ಪ್ರಕಾರ, ಅಂದರೆ ಹತ್ತಿರದ ಕುಲಗಳ ಗುಂಪಿನ ಪ್ರಕಾರ ಜೋಡಿಸಿದೆ. ಇದಕ್ಕೆ ನಗದವರಿಲ್ಲ. ನಮ್ಮ ಭಾವ ಬಂದು ನೋಡಿ, 'ಹಣ್ಣಿನದು ಒಂದು ಕಡೆ, ಹೂವಿನದು ಒಂದು ಕಡೆ ಇಟ್ಟರೆ ವ್ಯಾಪಾರ. ನೀನು ನರ್ಸರಿ ನಡೆಸುತ್ತೀಯೋ ಕಾಲೇಜು ನಡೆಸುತ್ತೀಯೋ?' ಎಂದರು.

ಅವರು ಹೆಚ್ಚು ನಕ್ಕದ್ದು ತೇಗದ ಪಕ್ಕ ತುಳಸಿ, ಲಕ್ಕಿ ಕಂಡು. ತೇಗ, ಲಕ್ಕಿ ಎರಡೂ ಮೊದಲು ವರ್ಬಿನೇಸಿ ಎಂಬ ಕುಟುಂಬದಲ್ಲಿದ್ದವು, ಈಗ ತುಳಸಿಯ ಕುಟುಂಬವಾದ ಲೇಮಿಯೇಸಿಗೆ ಬಂದಿವೆ. ತೇಗದ ಎಳೆಯ ಕುಡಿಯೊಂದನ್ನು ಭಾವನ ಕೈಗೆ ಕೊಟ್ಟು ಬೆರಳ ನಡುವೆ ಹೊರಳಿಸಲು ಹೇಳಿದೆ. ನಾಲ್ಕು ಮೂಲೆ ಕೈಗೆ ಸಿಕ್ಕಿತು. ತುಳಸಿಯ ಕಡ್ಡಿಯಲ್ಲಿಯೂ ಅದೇ ನಾಲ್ಕು ಮೂಲೆ, ಅದೇ ಎದುರುಬದುರು ಎಲೆ. ಭಾವ ಸುಮ್ಮನಾದರು, ಒಪ್ಪಲಿಲ್ಲ.

ಲಾಭ ಮೊದಲು ಕಂಡದ್ದು ನಿಂಬೆಯ ಕುಟುಂಬದಲ್ಲಿ. ಕರಿಬೇವು, ಬಿಲ್ವ, ನಿಂಬೆ, ಬೇಲ ನಾಲ್ಕೂ ರುಟೇಸಿ. ಮೊದಲು ನಾಲ್ಕು ಮೂಲೆಗಳಲ್ಲಿದ್ದವು. ನಿಂಬೆ ಚಿಟ್ಟೆಯ ಮರಿಹುಳು ಒಂದರಲ್ಲಿ ಕಂಡು ಕೀಳುವಷ್ಟರಲ್ಲಿ ಇನ್ನೊಂದರ ಚಿಗುರು ಖಾಲಿಯಾಗಿರುತ್ತಿತ್ತು. ಎಳೆಯ ಹುಳು ಹಕ್ಕಿಯ ಹಿಕ್ಕೆಯಂತೆ ಕಾಣುವುದರಿಂದ ಆಳುಗಳ ಕಣ್ಣಿಗೂ ಬೀಳುವುದಿಲ್ಲ. ಈಗ ನಾಲ್ಕೂ ಒಂದೇ ಕಡೆ. ಬೆಳಿಗ್ಗೆ ಒಬ್ಬರು ಒಂದು ಸುತ್ತು ಹಾಕಿದರೆ ಮುಗಿಯಿತು, ಔಷಧಿಯ ಖರ್ಚು ಅರ್ಧಕ್ಕಿಂತ ಕೆಳಗೆ ಇಳಿದಿದೆ. ಕಕ್ಕೆ, ತಂಗಡಿಯನ್ನು ಜೊತೆಗಿಟ್ಟ ಮೇಲೆ ಹಳದಿ ಚಿಟ್ಟೆಯ ಹುಳುವಿನ ಕಾಟವೂ ಹೀಗೆಯೇ ಹತೋಟಿಗೆ ಬಂತು. ಒಂದೇ ಕಡೆ ಇಟ್ಟರೆ ರೋಗ ಬೇಗ ಹರಡುತ್ತದೆ ಎಂದು ಕೆಲವರು ಹೆದರಿಸಿದರು. ಹರಡುತ್ತದೆ, ಆದರೆ ಕಣ್ಣಿಗೂ ಬೇಗ ಬೀಳುತ್ತದೆ.

ನಿಜವಾದ ದುಡ್ಡು ಬಂದದ್ದು ಔಷಧಿ ವನವೊಂದರ ಆರ್ಡರಿನಲ್ಲಿ. ಪಟ್ಟಿಯಲ್ಲಿ ಕನ್ನಡದ ಹೆಸರೇ ಇರಲಿಲ್ಲ. ಆರ್ಡರು ಹಿಡಿಯಲು ಬಂದ ನರ್ಸರಿಯವರಲ್ಲಿ ಒಬ್ಬರು ಅಶೋಕ ಎಂದರೆ ಶಾಲೆಯ ಕಾಂಪೌಂಡಿನಲ್ಲಿ ನೆಟ್ಟಗೆ ಬೆಳೆಯುವ ಮರವೆಂದು ದರ ಹಾಕಿದ್ದರಂತೆ. ಅದು ಮೊನೂನ್ ಲಾಂಗಿಫೋಲಿಯಂ, ಹಳೆಯ ಹೆಸರು ಪಾಲಿಯಾಲ್ಥಿಯಾ, ಸೀತಾಫಲದ ಕುಟುಂಬದ್ದು. ತೊಗಟೆಗೆ ಬೇಕಾದ ಅಶೋಕ ಸರಾಕಾ ಅಸೋಕಾ, ಹುಣಸೆಯ ಕುಟುಂಬದ್ದು. ಅದನ್ನು ನಮ್ಮ ಒಣ ಸೀಮೆಯಲ್ಲಿ ನೆರಳು ಪರದೆಯಿಲ್ಲದೆ ಬೇಸಿಗೆ ದಾಟಿಸುವುದೇ ಕಷ್ಟ, ಬೆಲೆ ನಾಲ್ಕೈದು ಪಟ್ಟು. ಬ್ರಾಹ್ಮಿಯದೂ ಇದೇ ಗೋಜಲು. ಬೇಕಾಗಿದ್ದುದು ಬಕೋಪಾ ಮೊನಿಯೇರಿ, ಎಲ್ಲರ ಬಳಿ ಇದ್ದುದು ಬ್ರಾಹ್ಮಿ ಎಂದೇ ಕರೆಯುವ ಒಂದೆಲಗ. ಅದೇ ಪಟ್ಟಿಯಲ್ಲಿ ಡೆರಿಸ್ ಇಂಡಿಕಾ, ಪೊಂಗಾಮಿಯಾ ಪಿನ್ನಾಟಾ ಎಂದು ಎರಡು ಸಾಲು ಇದ್ದವು. ಎರಡೂ ನಮ್ಮ ಹೊಂಗೆಯೇ ಎಂದು ನಾನೇ ತೋರಿಸಿ ಒಂದು ಸಾಲು ಹೊಡೆಸಿದೆ. ನನಗೆ ಹತ್ತಾರು ಸಸಿಯ ವ್ಯಾಪಾರ ತಪ್ಪಿತು, ಉಳಿದ ಇಡೀ ಆರ್ಡರು ನನಗೇ ಬಂತು. ಸುಮಾರು ಎಂಬತ್ತು ಸಾವಿರ. ಭಾವನಿಗೆ ಚೆಕ್ ತೋರಿಸಿದ್ದೇನೆ.

ಹೆಸರು ಬದಲಾಗುವುದು ಈ ಕೆಲಸದ ದೊಡ್ಡ ತಲೆನೋವು. 2005ರಲ್ಲಿ ಸಸ್ಯಶಾಸ್ತ್ರಜ್ಞರ ವಿಯೆನ್ನಾ ಸಮ್ಮೇಳನದಲ್ಲಿ ಆಗಿ 2011ರಲ್ಲಿ ಮೆಲ್ಬರ್ನಿನಲ್ಲಿ ಗಟ್ಟಿಯಾದ ತೀರ್ಮಾನದಿಂದ ಅಕೇಶಿಯಾ ಎಂಬ ಹೆಸರು ಆಸ್ಟ್ರೇಲಿಯಾದ ಗಿಡಗಳ ಪಾಲಾಯಿತು, ನಮ್ಮ ಕರಿಜಾಲಿ ವಾಚೆಲಿಯಾ ನಿಲೋಟಿಕಾ ಆಯಿತು. ಗಿರಾಕಿ ಹಳೆಯ ಹೆಸರನ್ನೇ ಹಿಡಿದು ಬರುತ್ತಾನೆ. ಆದ್ದರಿಂದ ನನ್ನ ಚೀಟಿಯಲ್ಲಿ ಈಗಿನ ಹೆಸರಿನ ಕೆಳಗೆ ಹಳೆಯದು, ಆಮೇಲೆ ಕುಟುಂಬ, ಕೊನೆಗೆ ಬೀಜ ಕೊಟ್ಟ ತಾಯಿಮರ ಎಲ್ಲಿಯದು ಎಂಬುದು ಇರುತ್ತದೆ. ಕಾಯಂ ಮಾರ್ಕರು ಒಂದು ಬೇಸಿಗೆಗೆ ಬಿಳುಚುತ್ತದೆ. ಪ್ಲಾಸ್ಟಿಕ್ ಪಟ್ಟಿಯ ಮೇಲೆ ಸಾದಾ ಸೀಸದ ಕಡ್ಡಿ ಉಳಿಯುತ್ತದೆ. ತಾಯಿಮರಕ್ಕಾದರೆ ತೆಳು ಅಲ್ಯೂಮಿನಿಯಂ ತಗಡಿನ ಮೇಲೆ, ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಒತ್ತಿ ಬರೆಯುತ್ತೇನೆ.

ಹೆಸರು ಖಚಿತ ಮಾಡಿಕೊಳ್ಳಲು ಮೊಬೈಲ್ ಫೋಟೊ ನಂಬುವುದಿಲ್ಲ. ಹೂವು, ಕಾಯಿ ಎರಡೂ ಇರುವ ರೆಂಬೆಯನ್ನು ದಿನಪತ್ರಿಕೆಯ ನಡುವೆ ಒತ್ತಿ ಒಣಗಿಸಿ, ಸಸ್ಯಶಾಸ್ತ್ರದ ಮೇಷ್ಟರೊಬ್ಬರಿಗೆ ಒಯ್ಯುತ್ತೇನೆ. ಬರೀ ಎಲೆ ಒಯ್ದರೆ ಅವರು ಮುಟ್ಟುವುದೂ ಇಲ್ಲ. ಮಳೆಗಾಲದಲ್ಲಿ ದಿನವೂ ಕಾಗದ ಬದಲಿಸದಿದ್ದರೆ ಬೂಸ್ಟು ಹಿಡಿದು ಶ್ರಮವೆಲ್ಲ ಹಾಳು.

ಈ ಹುಚ್ಚು ಕಸಿಗೂ ಹತ್ತಿತು. ಸಪೋಟವನ್ನು ಕಿರ್ನಿಯ ಮೇಲೆ ಕಟ್ಟುವುದು ಎಲ್ಲರಿಗೂ ಗೊತ್ತು. ಎರಡೂ ಮನಿಲ್ಕಾರಾ ಕುಲದವು. ಒಂದೇ ಕುಟುಂಬದ ಹಿಪ್ಪೆ, ಬಕುಲದ ಮೇಲೂ ಕೂರಬಹುದೇ ಎಂದು ಕಟ್ಟಿದೆ. ಹಿಪ್ಪೆಯ ಮೇಲೆ ಚಿಗುರೇನೋ ಬಂತು, ಬೇಸಿಗೆಯಲ್ಲಿ ಕಸಿಯ ಗಂಟಿನಿಂದ ಮೇಲೆ ಒಣಗಿತು. ಬಕುಲದಲ್ಲಿ ಚಿಗುರೂ ಇಲ್ಲ. ಮಾವು, ಗೇರು ಒಂದೇ ಕುಟುಂಬವಾದರೂ ಕಸಿ ಕೂರದು. ಕುಟುಂಬ ನೋಡಿ ಮಡಿ ಹಾಕಬಹುದು, ಕಸಿ ಕಟ್ಟಲು ಕುಲ ನೋಡಬೇಕು. ಕೋಲಾರದ ಗೆಳೆಯರೊಬ್ಬರಿಗಾಗಿ ಸುಂಡೆಯ ಮೇಲೆ ಟೊಮೆಟೊ ಕಟ್ಟಿಕೊಟ್ಟದ್ದು ಮಾತ್ರ ಸೊಗಸಾಗಿ ಹಿಡಿಯಿತು. ಟೊಮೆಟೊವನ್ನು 1753ರಲ್ಲಿ, ಗಿಡಗಳಿಗೆ ಎರಡು ಪದದ ಹೆಸರಿಡುವ ಪದ್ಧತಿ ತಂದ ಲಿನೇಯಸ್, ಸುಂಡೆಯೂ ಇರುವ ಸೋಲಾನಂ ಕುಲದಲ್ಲಿಯೇ ಇಟ್ಟಿದ್ದ. ನಡುವೆ ಲೈಕೊಪರ್ಸಿಕಾನ್ ಎಂದು ಬೇರೆ ಮಾಡಿದ್ದರು, ಈಗ ಮತ್ತೆ ಅಲ್ಲಿಗೇ ಸೇರಿಸಿದ್ದಾರೆ.

ಹೆಬ್ಬೇವನ್ನು ಬಿಟ್ಟಿಲ್ಲ. ಬೀಜ ನಾನೇ ತರುತ್ತೇನೆ. ದಪ್ಪ ಕಾಯಿ, ಗಟ್ಟಿ ಓಟೆ, ಬಿತ್ತಿದರೆ ನೂರಕ್ಕೆ ಇಪ್ಪತ್ತು ಮೊಳೆತರೂ ಹೆಚ್ಚು. ಸುಲಭವಾಗಿ ಮಡಿ ತುಂಬಾ ಮೊಳೆತರೆ ಅದು ಹುಚ್ಚುಬೇವೇ ಎಂದು ಅನುಮಾನಿಸಿ. ಕುರಿಗಳು ಕಾಯಿ ತಿಂದು ಉಗುಳಿದ್ದನ್ನು ಹಟ್ಟಿಯಲ್ಲಿ ಆಯ್ದ ಬೀಜ ಚೆನ್ನಾಗಿ ಬರುತ್ತದೆ ಎಂಬುದು ನಿಮಗೂ ಗೊತ್ತು. ನಾನು ಅದಕ್ಕೆ ಇನ್ನೂ ಒಂದು ಕೆಲಸ ಮಾಡಿ ಅರ್ಧಕ್ಕರ್ಧ ಮೊಳೆಸುತ್ತೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಸಸಿ ಬೇಕಾದವರು ಆಷಾಢಕ್ಕೆ ಮೊದಲು ಹೇಳಿಡಿ, ಬಿಲ್ಲಿನಲ್ಲಿ ಮೆಲಿಯಾ ಡುಬಿಯಾ ಎಂದೇ ಬರೆದುಕೊಡುತ್ತೇನೆ.