ಜಟೆ ಬಿಟ್ಟ ಮರಗಳ ಫೋಟೊ ತೆಗೆಯುವುದು ಹೇಗೆ?

ಅಮೆರಿಕದ ಟೆಕ್ಸಾಸ್ ಮತ್ತು ಲೂಸಿಯಾನಾ ಗಡಿಯಲ್ಲಿ ಕ್ಯಾಡೋ ಎಂಬ ಕೆರೆ ಇದೆ. ಕೆರೆ ಅನ್ನುವುದಕ್ಕಿಂತ ನೀರು ನಿಂತ ಕಾಡು ಅನ್ನಬೇಕು. ನೀರಿನಲ್ಲೇ ಬೇರು ಬಿಟ್ಟ ಬಾಲ್ಡ್ ಸೈಪ್ರೆಸ್ ಮರಗಳು, ಕೊಂಬೆಗಳಿಂದ ಇಳಿಬಿದ್ದ ಬೂದು ಜಟೆ. ಈ ಜಟೆಯೇ ಸ್ಪ್ಯಾನಿಷ್ ಮಾಸ್. ಹೆಸರಿಗಷ್ಟೇ ಪಾಚಿ, ನಿಜದಲ್ಲಿ ಇದು ಅನಾನಸಿನ ಬಳಗದ ಗಿಡ. ಡಾಲಸ್‌ನ ಕನ್ನಡಿಗರಿಗೆ ಕಾರಿನಲ್ಲಿ ಸುಮಾರು 3 ಗಂಟೆ ದಾರಿ.

ನವೆಂಬರ್‌ನಲ್ಲಿ ಹೋಗಿ. ಆಗ ಸೈಪ್ರೆಸ್ ಎಲೆಗಳು ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತವೆ. ರಾತ್ರಿ ಚಳಿ ಇದ್ದು ಗಾಳಿ ನಿಂತಿದ್ದರೆ ಬೆಳಗ್ಗೆ ಮಂಜು ಏಳುವುದು ಜಾಸ್ತಿ. ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲೇ ದೋಣಿಯಲ್ಲಿರಿ, ಲೈಫ್ ಜಾಕೆಟ್ ಹಾಕಿಕೊಂಡು.

ಮಂಜು ಬೇಕೇ ಬೇಕು. ಜೌಗಿನಲ್ಲಿ ಎಲ್ಲಿ ನೋಡಿದರೂ ಕಾಂಡ, ಕೊಂಬೆ, ಜಟೆ. ಕಣ್ಣಿಗೆ ಚೆಂದ, ಫೋಟೊದಲ್ಲಿ ಬರೀ ಗೋಜಲು. ಮಂಜಿನಲ್ಲಿ ಹಿಂದಿನ ಮರಗಳು ಮಸುಕಾಗಿ, ಮುಂದಿನ ಒಂದು ಮರ ಎದ್ದು ನಿಲ್ಲುತ್ತದೆ. ಆ ಮರವನ್ನು ಹುಡುಕುವುದೇ ಅರ್ಧ ಕೆಲಸ. ದೂರದ್ದನ್ನು ಹತ್ತಿರ ತರುವ 70-200 ಎಂಎಂ ಜೂಮ್ ಲೆನ್ಸ್ ಹಾಕಿ, ಬಿಳಿ ಆಕಾಶವನ್ನು ಚೌಕಟ್ಟಿನಿಂದ ಹೊರಗಿಡಿ. ಕಾಂಡಗಳು ಒಂದರ ಮೇಲೊಂದು ಬಿದ್ದಿದ್ದರೆ ದೋಣಿಯನ್ನು ಸ್ವಲ್ಪ ಸರಿಸಿ. ನಡುವೆ ಬೆಳಕಿನ ಸಂದು ಕಾಣುವವರೆಗೂ ಬಟನ್ ಒತ್ತಬೇಡಿ.

ಮಂಜಿನಲ್ಲಿ ಕ್ಯಾಮೆರಾ ಮೋಸ ಹೋಗಿ ಚಿತ್ರವನ್ನು ಮಂಕಾಗಿಸುತ್ತದೆ. ಎಕ್ಸ್‌ಪೋಷರ್, ಅಂದರೆ ಕ್ಯಾಮೆರಾ ಹಿಡಿಯುವ ಬೆಳಕನ್ನು, ಒಂದು ಸ್ಟಾಪ್‌ನಷ್ಟು (ಎರಡು ಪಟ್ಟು) ಏರಿಸಿ. ದೋಣಿ ಅಲುಗುತ್ತಲೇ ಇರುತ್ತದೆ, ಅಲ್ಲಿ ಟ್ರೈಪಾಡ್ ಕೆಲಸಕ್ಕೆ ಬಾರದು. ಶಟರ್ ವೇಗ ಸೆಕೆಂಡಿನ 1/250ಕ್ಕಿಂತ ಕೆಳಗಿಳಿಯದಂತೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಹೆಚ್ಚಿಸಿಕೊಳ್ಳಿ. ಸ್ವಲ್ಪ ನಾಯ್ಸ್ (ಕಾಳುಕಾಳು) ಬಂದರೂ ಪರವಾಗಿಲ್ಲ, ಚಿತ್ರ ಅಲುಗಬಾರದು.

ಈಗ ಜಟೆಯ ಒಂದು ಎಳೆಯನ್ನು ಹತ್ತಿರದಿಂದ ನೋಡಿ. ನೂಲಿನಷ್ಟು ತೆಳು, ಮೈತುಂಬ ಬೆಳ್ಳಿ ಬಣ್ಣದ ಪುಟ್ಟ ಹುರುಪೆ. ಒಣಗಿದ್ದಾಗ ಬೂದು, ನೀರು ಕುಡಿದರೆ ಹಸಿರು! ಹಾಗಾಗಿ ಮಳೆ ಬಂದು ಹೋದ ಬೆಳಗ್ಗೆ ಸಿಕ್ಕರೆ ಬಿಡಲೇಬೇಡಿ. ಲೆನ್ಸ್ ಮುಂದೆ ಹಾಕಿ ತಿರುಗಿಸುವ ಪೋಲರೈಸರ್ ಫಿಲ್ಟರ್ ಇದ್ದರೆ ಒದ್ದೆ ಎಲೆಯ ಹೊಳಪು ಇಳಿದು ಬಣ್ಣ ಗಟ್ಟಿಯಾಗುತ್ತದೆ. ಆದರೆ ಜಾಸ್ತಿ ತಿರುಗಿಸಿದರೆ ನೀರಿನೊಳಗಿನ ಪ್ರತಿಬಿಂಬವೂ ಹೋಗುತ್ತದೆ, ಕಣ್ಣಿಟ್ಟು ನಿಧಾನವಾಗಿ ತಿರುಗಿಸಿ.

ಬಿಸಿಲು ಬಂತೆಂದು ಸುಮ್ನೆ ವಾಪಸ್ ಹೊರಡಬೇಡಿ. ಜಟೆ ನಿಮಗೂ ಸೂರ್ಯನಿಗೂ ನಡುವೆ ಬರುವಂತೆ ನಿಂತರೆ ಅದರ ಅಂಚೆಲ್ಲ ಹೊತ್ತಿಕೊಂಡ ಹಾಗೆ ಹೊಳೆಯುತ್ತದೆ. ಆಗ ಎಕ್ಸ್‌ಪೋಷರ್ ಇಳಿಸಿ.

ಗುರುತು ಹಾಕಿದ ದೋಣಿ ದಾರಿ ಬಿಟ್ಟು ಹೋಗಬೇಡಿ. ಸೈಪ್ರೆಸ್‌ನ ಮೊಣಕಾಲಿನಂಥ ಬೇರುಗಳು ನೀರಿನಡಿ ಅಡಗಿರುತ್ತವೆ, ಮೊಸಳೆ ಜಾತಿಯ ಆಲಿಗೇಟರ್‌ಗಳೂ ಇವೆ. ಚೌಕಟ್ಟಿಗೆ ಅಡ್ಡ ಬಂತೆಂದು ಜಟೆ ಕೀಳಬೇಡಿ. ಪರೂಲಾ ಎಂಬ ಪುಟ್ಟ ಹಕ್ಕಿ ಗೂಡು ಕಟ್ಟುವುದು ಅದರೊಳಗೇ. ದೋಣಿಯನ್ನೇ ಎರಡು ಅಡಿ ಸರಿಸಿ.