ಯಾವ ಹೋಲ್‌ಗೆ ಯಾವ ಡಿಸ್ಕ್, ಯಾವ ಎಸೆತ: ಡಿಸ್ಕ್ ಗಾಲ್ಫ್‌ನಲ್ಲಿ ಬಾಸ್ಕೆಟ್‌ನಿಂದ ಹಿಂದಕ್ಕೆ ಲೆಕ್ಕ ಹಾಕುವುದು

ಡಿಸ್ಕ್ ಗಾಲ್ಫ್ ಎಂದರೆ ಚಪ್ಪಟೆ ತಟ್ಟೆಯನ್ನು (ಡಿಸ್ಕ್) ಎಸೆಯುತ್ತಾ ಆದಷ್ಟು ಕಡಿಮೆ ಎಸೆತಗಳಲ್ಲಿ ಬುಟ್ಟಿಗೆ (ಬಾಸ್ಕೆಟ್) ಹಾಕುವ ಆಟ; ಮೊದಲ ಎಸೆತದ ಜಾಗ ಟೀ, ಅಲ್ಲಿಂದ ಬಾಸ್ಕೆಟ್‌ವರೆಗಿನ ದಾರಿ ಒಂದು ಹೋಲ್. ಟೀ ಮೇಲೆ ನಿಂತ ಕೂಡಲೇ ಚೀಲಕ್ಕೆ ಕೈ ಹಾಕಬೇಡಿ. ಮೊದಲು ಬಾಸ್ಕೆಟ್ ನೋಡಿ. ಡಿಸ್ಕ್ ಯಾವ ಬದಿಗೆ ಬಿದ್ದರೆ ಪಟ್ (ಬುಟ್ಟಿಗೆ ಹಾಕುವ ಗಿಡ್ಡ ಎಸೆತ) ಸಲೀಸು, ಯಾವ ಬದಿಗೆ ಬಿದ್ದರೆ ಕಷ್ಟ ಎಂದು ಗುರುತಿಸಿ. ಬಾಸ್ಕೆಟ್‌ನ ಬಲಕ್ಕೆ ನೀರಿದ್ದರೆ ಡಿಸ್ಕ್ ಕೊನೆಯಲ್ಲಿ ಎಡಕ್ಕೆ ಹೊರಳಬೇಕು, ಹಿಂದೆ ಇಳಿಜಾರಿದ್ದರೆ ಜಾರದೆ ನಿಲ್ಲಬೇಕು. ಹಾರಾಟದ ಕೊನೆ ಹೇಗಿರಬೇಕು ಎಂದು ತೀರ್ಮಾನವಾದ ಮೇಲೆ ಎಸೆತದ ಆಕಾರ, ಅದಾದ ಮೇಲೆ ಡಿಸ್ಕ್. ಹೊಸಬರು ಬಹುಪಾಲು ಇದನ್ನು ತಿರುಗಾಮುರುಗಾ ಮಾಡುತ್ತಾರೆ: ಎಲ್ಲಕ್ಕಿಂತ ವೇಗದ ಡ್ರೈವರ್ (ದೂರದ ಎಸೆತದ ಡಿಸ್ಕ್) ಕೈಗೆತ್ತಿಕೊಂಡು ಆಮೇಲೆ ದಾರಿ ಹುಡುಕುತ್ತಾರೆ.

ನಾಲ್ಕು ಅಂಕಿಗಳು

ಹೆಚ್ಚಿನ ಡಿಸ್ಕ್‌ಗಳ ಮೇಲೆ ಸ್ಪೀಡ್, ಗ್ಲೈಡ್, ಟರ್ನ್, ಫೇಡ್ ಎಂಬ ನಾಲ್ಕು ಅಂಕಿಗಳಿರುತ್ತವೆ. ಇವುಗಳನ್ನು ಬಲಗೈ ಬ್ಯಾಕ್‌ಹ್ಯಾಂಡ್ (ಕೈಯನ್ನು ಎದೆಯ ಮುಂದಿನಿಂದ ಎಳೆದು ಎಸೆಯುವ) ಎಸೆತಕ್ಕೆ ಓದಿಕೊಳ್ಳಬೇಕು. ಗ್ಲೈಡ್ ಎಂದರೆ ತೇಲುವ ಗುಣ. ಟರ್ನ್ ಎಂದರೆ ವೇಗವಿರುವಾಗ ಬಲಕ್ಕೆ ಹೊರಳುವ ಸ್ವಭಾವ. ಮೈನಸ್ ಹೆಚ್ಚಿದಷ್ಟೂ ಹೊರಳುವುದು ಹೆಚ್ಚು. ಫೇಡ್ ಎಂದರೆ ವೇಗ ಇಳಿದಾಗ ಎಡಕ್ಕೆ ಬೀಳುವುದು. ಎಡಗೈ ಬ್ಯಾಕ್‌ಹ್ಯಾಂಡ್‌ಗೂ ಬಲಗೈ ಫೋರ್‌ಹ್ಯಾಂಡ್‌ಗೂ (ಅಂಗೈ ಮುಂದಾಗಿ ಪಕ್ಕದಿಂದ ಎಸೆಯುವುದು) ಎರಡೂ ದಿಕ್ಕು ಅದಲುಬದಲು.

ಉದಾಹರಣೆಗೆ ಏವಿಯರ್ ಪಟರ್ (ಗಿಡ್ಡ ಎಸೆತದ್ದು) 2/3/0/1, ಬಝ್ ಮಿಡ್‌ರೇಂಜ್ (ಮಧ್ಯಮ ದೂರದ್ದು) 5/4/-1/1, ಡ್ರೈವರ್‌ಗಳಲ್ಲಿ ಲೆಪರ್ಡ್ 6/5/-2/1, ಟೀಬರ್ಡ್ 7/5/0/2, ಫೈರ್‌ಬರ್ಡ್ 9/3/0/4, ಡೆಸ್ಟ್ರಾಯರ್ 12/5/-1/3.

ಸ್ಪೀಡ್ ಅಂಕಿ ಡಿಸ್ಕ್ ತಾನಾಗಿ ಎಷ್ಟು ವೇಗವಾಗಿ ಹೋಗುತ್ತದೆ ಎಂದು ಹೇಳುವುದಿಲ್ಲ, ನೀವು ಅದಕ್ಕೆ ಎಷ್ಟು ವೇಗ ಕೊಡಬೇಕು ಎಂದು ಹೇಳುತ್ತದೆ. ಅಷ್ಟು ವೇಗ ಸಿಗದಿದ್ದರೆ ಡೆಸ್ಟ್ರಾಯರ್‌ನ ಟರ್ನ್ ಕಾಣಿಸುವುದೇ ಇಲ್ಲ, ಬರೀ ಫೇಡ್ ಉಳಿಯುತ್ತದೆ: ಬೇಗನೆ ಎಡಕ್ಕೆ ಕುಸಿಯುತ್ತದೆ. 75 ಮೀಟರ್ ದಾಟದ ಎಸೆತಗಾರರಿಗೆ ಸ್ಪೀಡ್ 7ರವರೆಗಿನ ಡಿಸ್ಕ್‌ಗಳೇ ಹೆಚ್ಚು ದೂರ ಕೊಡುತ್ತವೆ.

ಅಂಕಿಗಳೆಲ್ಲ ಹೊಸ ಡಿಸ್ಕ್‌ನವು. ಮರಕ್ಕೆ ಬಡಿದು ಸವೆದಂತೆ ಡಿಸ್ಕ್ ಅಂಡರ್‌ಸ್ಟೇಬಲ್ (ಹೆಚ್ಚು ಟರ್ನ್, ಕಡಿಮೆ ಫೇಡ್) ಆಗುತ್ತಾ ಹೋಗುತ್ತದೆ. ಅಗ್ಗದ ಮೆತ್ತನೆಯ ಪ್ಲಾಸ್ಟಿಕ್‌ನಲ್ಲಿ ಇದು ಇನ್ನೂ ಬೇಗ. ಹಳೆಯದನ್ನು ಎಸೆದುಬಿಡಬೇಡಿ. ಒಂದೇ ಮಾದರಿಯ ಹೊಸತೊಂದು, ಸವೆದದ್ದೊಂದು ಇಟ್ಟುಕೊಂಡರೆ ಕೈಗೆ ಒಂದೇ ಹಿಡಿತ, ಹಾರಾಟ ಎರಡು ಬಗೆ.

ಕಾಡಿನ ಓಣಿ

ಇಕ್ಕಟ್ಟಾದ ನೇರ ಹೋಲ್‌ನಲ್ಲಿ ದೂರಕ್ಕಿಂತ ಮೊದಲ ಸಂದು ಮುಖ್ಯ. ಟೀಯಿಂದ 15 ಮೀಟರ್‌ನಲ್ಲೇ ಮರಕ್ಕೆ ಬಡಿದರೆ ಇಡೀ ಹೋಲ್ ಇನ್ನೂ ಮುಂದೆಯೇ ಉಳಿದಿರುತ್ತದೆ. ಮೊದಲು ಕೈಗೆ ಬರಬೇಕಾದದ್ದು ಬಝ್‌ನಂಥ ಮಿಡ್‌ರೇಂಜ್, ಸಮತಟ್ಟಾಗಿ, ಮುಕ್ಕಾಲು ಬಲದಲ್ಲಿ.

ಅದು ತಲುಪದಷ್ಟು ದೂರವಿದ್ದರೆ ಹೈಸರ್ ಫ್ಲಿಪ್ (ಹೈಸರ್ ಎಂದರೆ ಹೊರ ಅಂಚು ಕೆಳಗೆ ವಾಲಿದ ಕೋನ). ಲೆಪರ್ಡ್‌ನಂಥ ಅಂಡರ್‌ಸ್ಟೇಬಲ್ ಡಿಸ್ಕ್‌ನ ಹೊರ ಅಂಚನ್ನು ಸುಮಾರು 10 ಡಿಗ್ರಿ ಕೆಳಗೆ ವಾಲಿಸಿ ಬಿಡಿ. ಹೋಗುತ್ತಾ ತಾನೇ ಸಮತಟ್ಟಾಗಿ ನೇರ ತೇಲುತ್ತದೆ. ವಾಲು ಹೆಚ್ಚಾದರೆ ಏಳದೆ ಎಡಕ್ಕೇ ಹೋಗುತ್ತದೆ, ಕಡಿಮೆಯಾದರೆ ಬಲಕ್ಕೆ ಮಗುಚುತ್ತದೆ. ಬಲ ಬದಲಿಸದೆ ಕೋನವನ್ನಷ್ಟೇ ಸ್ವಲ್ಪ ಸ್ವಲ್ಪ ತಿದ್ದಿಕೊಳ್ಳಿ.

ತಿರುವುಗಳು

ಎಡ ತಿರುವು ಬಲಗೈ ಬ್ಯಾಕ್‌ಹ್ಯಾಂಡ್‌ನವರಿಗೆ ಸುಲಭ: ಟೀಬರ್ಡ್ ಅಥವಾ ಫೈರ್‌ಬರ್ಡ್, ಹೈಸರ್ ಕೋನ, ತಿರುವಿಗಿಂತ ಬಲಕ್ಕೆ ಗುರಿ.

ಬಲ ತಿರುವಿಗೆ ಎರಡು ದಾರಿಗಳಿವೆ. ಫೋರ್‌ಹ್ಯಾಂಡ್ ಮೊದಲು ನೇರ ಹೋಗಿ ಕೊನೆಯಲ್ಲಿ ಚುರುಕಾಗಿ ಬಲಕ್ಕೆ ಬೀಳುತ್ತದೆ, ಹಾಗಾಗಿ ತಿರುವು ದೂರದಲ್ಲಿದ್ದಾಗ ಅದೇ ಸರಿ. ಅನ್‌ಹೈಸರ್ (ಹೊರ ಅಂಚು ಮೇಲೆತ್ತಿದ) ಬ್ಯಾಕ್‌ಹ್ಯಾಂಡ್ ಮೊದಲಿನಿಂದಲೇ ಬಲಕ್ಕೆ ಬಾಗುತ್ತಾ ಹೋಗುತ್ತದೆ. ಉದ್ದನೆಯ, ನಿಧಾನದ ತಿರುವಿಗೆ ಅದು. ಅನ್‌ಹೈಸರ್‌ಗೆ ಫೈರ್‌ಬರ್ಡ್ ಹಿಡಿದರೆ ಅದು ಮತ್ತೆ ಎಡಕ್ಕೆ ಎಳೆದು ಕೆಲಸ ಕೆಡಿಸುತ್ತದೆ. ಫೋರ್‌ಹ್ಯಾಂಡ್‌ಗೆ ಮಾತ್ರ ಓವರ್‌ಸ್ಟೇಬಲ್ (ಕಡಿಮೆ ಟರ್ನ್, ಹೆಚ್ಚು ಫೇಡ್ ಇರುವ) ಡಿಸ್ಕೇ ಒಳ್ಳೆಯದು: ಮಣಿಕಟ್ಟು ತಿರುಚಿ ಬಿಟ್ಟರೆ ಡಿಸ್ಕ್ ಓಲಾಡುತ್ತದೆ, ಅಂಡರ್‌ಸ್ಟೇಬಲ್ ಡಿಸ್ಕ್ ಆ ಓಲಾಟಕ್ಕೇ ಮಗುಚಿಬಿಡುತ್ತದೆ. ಅಂಗೈ ಕೊನೆಯವರೆಗೂ ಆಕಾಶ ನೋಡುತ್ತಿರಲಿ.

ಗಾಳಿ

ಎದುರುಗಾಳಿಯಲ್ಲಿ ಡಿಸ್ಕ್‌ಗೆ ತಾಗುವ ಗಾಳಿಯ ವೇಗ ಹೆಚ್ಚುವುದರಿಂದ ಟರ್ನ್ ಹೆಚ್ಚುತ್ತದೆ. ಹೆಚ್ಚು ಓವರ್‌ಸ್ಟೇಬಲ್ ಡಿಸ್ಕ್, ಕೆಳಮಟ್ಟದ ಎಸೆತ, ಎಂದಿನಷ್ಟೇ ಬಲ. ಗಾಳಿಗೆ ಸೇಡು ತೀರಿಸುವಂತೆ ಜೋರಾಗಿ ಎಸೆದರೆ ಇನ್ನಷ್ಟು ಮಗುಚುತ್ತದೆ. ಹಿಂಗಾಳಿಯಲ್ಲಿ ಎತ್ತುವ ಬಲ ಕುಗ್ಗಿ ಡಿಸ್ಕ್ ಬೇಗ ಇಳಿಯುತ್ತದೆ. ಗ್ಲೈಡ್ ಹೆಚ್ಚಿರುವ ಅಂಡರ್‌ಸ್ಟೇಬಲ್ ಡಿಸ್ಕನ್ನು ತುಸು ಎತ್ತರಕ್ಕೆ ಎಸೆಯಿರಿ.

ಅಡ್ಡಗಾಳಿಯಲ್ಲಿ ಕೇಳಿಕೊಳ್ಳಬೇಕಾದ್ದು ಒಂದೇ: ಗಾಳಿಗೆ ಕಾಣುವುದು ಡಿಸ್ಕ್‌ನ ತಳವೋ, ಮೇಲ್ಮೈಯೋ? ಬಲಗೈ ಬ್ಯಾಕ್‌ಹ್ಯಾಂಡ್ ಹೈಸರ್‌ನಲ್ಲಿ ತಳ ಬಲಕ್ಕೆ ತೆರೆದಿರುತ್ತದೆ. ಬಲಗಡೆಯಿಂದ ಬೀಸುವ ಗಾಳಿ ಅದನ್ನು ಎತ್ತಿ ಎಡಕ್ಕೆ ದೂರ ಒಯ್ಯುತ್ತದೆ, ಎಡಗಡೆಯ ಗಾಳಿ ಮೇಲಿನಿಂದ ಒತ್ತಿ ನೆಲಕ್ಕಿಳಿಸುತ್ತದೆ.

ಏರು, ಇಳಿಜಾರು

ಇಳಿಜಾರಿನಲ್ಲಿ ಡಿಸ್ಕ್ ಹೆಚ್ಚು ಹೊತ್ತು ಗಾಳಿಯಲ್ಲಿರುವುದರಿಂದ ಫೇಡ್‌ಗೂ ಹೆಚ್ಚು ಸಮಯ ಸಿಗುತ್ತದೆ. ಡ್ರೈವರ್ ಬದಲು ಮಿಡ್‌ರೇಂಜ್ ಅಥವಾ ಪಟರ್ ಎಸೆದು, ನೋಸ್ ಎಂದು ಕರೆಯುವ ಮುಂದಿನ ಅಂಚನ್ನು ಇಳಿಜಾರಿಗೆ ಸಮಾನಾಂತರವಾಗಿಡಿ. ದಿಗಂತಕ್ಕೆ ಗುರಿಯಿಟ್ಟರೆ ನೋಸ್ ಮೇಲೆದ್ದು ಡಿಸ್ಕ್ ನಡುದಾರಿಯಲ್ಲೇ ಸೋತು ಎಡಕ್ಕೆ ಬೀಳುತ್ತದೆ. ಏರಿನಲ್ಲಿ ವೇಗ ಬೇಗ ಸಾಯುತ್ತದೆ, ಫೇಡ್ ಬೇಗ ಬರುತ್ತದೆ. ಎಂದಿನದಕ್ಕಿಂತ ಅಂಡರ್‌ಸ್ಟೇಬಲ್ ಆದದ್ದು ಬೇಕು. ಬಾಸ್ಕೆಟ್ ಇಳಿಜಾರಿನ ಮೇಲಿದ್ದರೆ ಡಿಸ್ಕ್ ಮಟ್ಟಸವಾಗಿ ಬೀಳುವ ಎಸೆತ ಆರಿಸಿ. ಅಂಚಿನ ಮೇಲೆ ಬಿದ್ದದ್ದು ಎದ್ದು ನಿಂತು ಕೆಳಗಿನವರೆಗೂ ಉರುಳುತ್ತದೆ.

ಬಯಲಿನ ಗಿಡ್ಡ ಹೋಲ್, ನೀರಿನಂಚಿನ ಹೋಲ್

60 ಮೀಟರ್‌ನೊಳಗಿನ ಬಯಲು ಹೋಲ್‌ಗೆ ಪಟರ್ ಸಾಕು. ಡ್ರೈವರ್ ನೆಲಕ್ಕೆ ತಾಗಿ ಜಾರಿ ಬಾಸ್ಕೆಟ್ ದಾಟಿ ಹೋಗುತ್ತದೆ.

ಬಲಬದಿಯುದ್ದಕ್ಕೂ ನೀರಿದ್ದರೆ ಎರಡು ಆಯ್ಕೆ: ನೀರಿನ ಮೇಲೆ ಹಾಯಿಸಿ ಹೈಸರ್‌ನಲ್ಲಿ ಹಿಂದಕ್ಕೆ ತರುವುದು, ಇಲ್ಲವೇ ಎಡಕ್ಕೆ ಗುರಿಯಿಟ್ಟು ದಂಡೆಯಲ್ಲೇ ಉಳಿಯುವುದು. ಮೊದಲನೆಯದಕ್ಕೆ ಫೈರ್‌ಬರ್ಡ್‌ನಂತೆ ಖಂಡಿತ ಹಿಂದಿರುಗುವ ಡಿಸ್ಕೇ ಬೇಕು; ಸವೆದ ಡಿಸ್ಕ್ ಅಲ್ಲಿ ಬೇಡವೇ ಬೇಡ. ಓಬಿ (ಗಡಿಯಾಚೆ, ಇಲ್ಲಿ ನೀರಿಗೆ) ಆದರೆ ಒಂದು ಎಸೆತ ದಂಡ. ಹತ್ತರಲ್ಲಿ ಎಂಟು ಸಲ ಆ ರೇಖೆ ಹಿಡಿಯಲಾಗದಿದ್ದರೆ ಎಡದಂಡೆಯೇ ಲಾಭ. ಹಾಗೆ ಬಿಟ್ಟ ಡಿಸ್ಕ್‌ನಿಂದ ಬಾಸ್ಕೆಟ್‌ಗೆ 10 ಮೀಟರ್‌ಗಿಂತ ಹೆಚ್ಚಿದ್ದರೆ ಎಸೆದ ಮೇಲೆ ಮುಂದೆ ಹೆಜ್ಜೆ ಇಡಬಹುದು. 10 ಮೀಟರ್‌ನೊಳಗೆ ಮಾತ್ರ ಮಾರ್ಕರ್ (ಡಿಸ್ಕ್ ಬಿದ್ದ ಜಾಗದ ಗುರುತು) ದಾಟುವ ಮೊದಲು ಸಮತೋಲನ ತೋರಿಸಲೇಬೇಕು.