ಹಳೆಯ ಫೋರ್ ವೀಲ್ ಡ್ರೈವ್ ಗಾಡಿಯ ಆರೈಕೆ: ನನ್ನ ಅನುಭವ

ನನ್ನ ಬಳಿಯಿರುವ ಫೋರ್ ವೀಲ್ ಡ್ರೈವ್ ಗಾಡಿಗೆ ಈಗ 30 ವರ್ಷ ದಾಟಿದೆ. ಏಣಿಯಂಥ ಚಾಸಿ, ಹಿಂದೆ ಮುಂದೆ ಗಟ್ಟಿ ಆಕ್ಸಲ್, ನಾಲ್ಕೂ ಮೂಲೆಗೆ ಲೀಫ್ ಸ್ಪ್ರಿಂಗ್, ಡೀಸೆಲ್ ಎಂಜಿನ್, ಕೈಯಿಂದ ತಿರುಗಿಸಿ ಲಾಕ್ ಮಾಡಬೇಕಾದ ಮುಂಚಕ್ರದ ಹಬ್‌ಗಳು. ಇದನ್ನು ಕೊಂಡ ಹೊಸದರಲ್ಲಿ ನನ್ನ ಮನಸ್ಸೆಲ್ಲ ದೊಡ್ಡ ಟೈರು, ಎತ್ತರಿಸಿದ ಸಸ್ಪೆನ್ಷನ್, ವಿಂಚ್ (ಹೂತ ಗಾಡಿಯನ್ನು ಹಗ್ಗದಿಂದ ಎಳೆಯುವ ಯಂತ್ರ) ಇವುಗಳ ಸುತ್ತಲೇ ಇತ್ತು. ಎಂಟು ವರ್ಷಗಳಲ್ಲಿ ಅವುಗಳಲ್ಲಿ ಒಂದನ್ನೂ ನಾನು ಹಾಕಿಸಲಿಲ್ಲ. ಗಾಡಿಯ ಕೆಳಗೆ ಮಲಗಿ ಗ್ರೀಸ್ ಹೊಡೆಯುವಾಗ, ಎಣ್ಣೆ ಇಳಿಸುವಾಗ, ನಟ್ಟು ಬೋಲ್ಟುಗಳನ್ನು ಮುಟ್ಟಿ ನೋಡುವಾಗ ಎಲ್ಲಿ ಏನು ಮತ್ತೆ ಮತ್ತೆ ಕೈಕೊಡುತ್ತಿದೆ ಎಂಬುದು ತಾನಾಗಿ ತಿಳಿಯುತ್ತ ಹೋಯಿತು. ನಾನು ಮಾಡಿಕೊಂಡ ಸಣ್ಣಪುಟ್ಟ ಸುಧಾರಣೆಗಳೆಲ್ಲ ಹಾಗೆ ಹುಟ್ಟಿಕೊಂಡವು.

ನನ್ನ ದಿನಚರಿಯ ಮುಖ್ಯ ಕೆಲಸ ಗ್ರೀಸಿಂಗ್. ಸುಮಾರು 2,500 ಕಿಲೋಮೀಟರಿಗೊಮ್ಮೆ, ಮತ್ತು ಚಕ್ರದ ಅರ್ಧಕ್ಕಿಂತ ಮೇಲೆ ನೀರು ಬಂದ ಹೊಳೆಯನ್ನು ದಾಟಿದಾಗಲೆಲ್ಲ ಲೆಕ್ಕ ನೋಡದೆ, ಗ್ರೀಸ್ ಗನ್ನು ಸಿಕ್ಕಿಸುವ ಎಲ್ಲ ನಿಪ್ಪಲ್‌ಗಳಿಗೂ ಹೊಸ ಗ್ರೀಸ್ ತುಂಬುತ್ತೇನೆ. ನಿಪ್ಪಲ್‌ನ ತಲೆಯನ್ನು ಬಟ್ಟೆಯಿಂದ ಒರೆಸದೆ ಗನ್ನು ಇಡಕೂಡದು. ಅದರ ಮೇಲೆ ಅಂಟಿದ ಮರಳಿನ ಕಣವನ್ನು ನಾವೇ ಬೇರಿಂಗಿನೊಳಗೆ ನೂಕಿದಂತಾಗುತ್ತದೆ. ಇದರಲ್ಲಿ ನಾನು ಅತಿ ಹೆಚ್ಚು ಗಮನ ಕೊಡುವುದು, ಎಂಜಿನ್ನಿನ ಬಲವನ್ನು ಆಕ್ಸಲ್ಲಿಗೆ ಒಯ್ಯುವ ಪ್ರೊಪೆಲರ್ ಶಾಫ್ಟಿನ ಬಾಗುವ ಕೀಲುಗಳಾದ ಯೂನಿವರ್ಸಲ್ ಜಾಯಿಂಟ್‌ಗಳಿಗೆ. ಜಾಯಿಂಟಿನ ನಡುವಿನ ಕ್ರಾಸ್‌ಗೆ ನಾಲ್ಕು ತೋಳುಗಳು, ಪ್ರತಿ ತೋಳಿನ ತುದಿಯಲ್ಲಿ ಸೂಜಿಯಂಥ ರೋಲರುಗಳು ತುಂಬಿದ, ಪುಟ್ಟ ಬಟ್ಟಲಿನಂಥ ಒಂದೊಂದು ಕಪ್ಪು. ಗನ್ನನ್ನು ನಿಧಾನವಾಗಿ ಒತ್ತುತ್ತ ಹೋದರೆ ಮೊದಲು ಕಪ್ಪಗಾದ ಹಳೆಯ ಗ್ರೀಸು, ಆಮೇಲೆ ಹೊಸ ಗ್ರೀಸು, ನಾಲ್ಕೂ ಕಪ್ಪುಗಳ ಸೀಲಿನ ಅಂಚಿನಿಂದ ಎಳೆಯಂತೆ ಹೊರಬರಬೇಕು. ಮೂರು ಕಡೆಯಿಂದ ಬಂದು ನಾಲ್ಕನೆಯದರಿಂದ ಬರದಿದ್ದರೆ ಆ ಕಪ್ಪು ಒಣಗಿದೆ ಎಂದೇ ಅರ್ಥ. ಆಗ ಶಾಫ್ಟನ್ನು ಅರ್ಧ ಸುತ್ತು ತಿರುಗಿಸಿ, ಸಣ್ಣ ಸನ್ನೆಕೋಲಿನಿಂದ ಯೋಕನ್ನು (ಕಪ್ಪುಗಳನ್ನು ಹಿಡಿದಿರುವ ಕವಲನ್ನು) ಆ ಕಪ್ಪಿನ ಎದುರು ದಿಕ್ಕಿಗೆ ಸ್ವಲ್ಪ ಒತ್ತಿ ಹಿಡಿದು, ಮತ್ತೆ ಗ್ರೀಸ್ ಹೊಡೆದು ನೋಡುತ್ತೇನೆ. ಒಮ್ಮೆ ಹೀಗೆ ಎಷ್ಟು ಪ್ರಯತ್ನಿಸಿದರೂ ಬಾರದಿದ್ದಾಗ ಹತ್ತಿರದಿಂದ ನೋಡಿದೆ. ಕಪ್ಪಿನ ಸುತ್ತ ಕಾವಿ ಬಣ್ಣದ ಸಣ್ಣ ಪುಡಿ ಕೂತಿತ್ತು. ಬಿಚ್ಚಿದಾಗ ಸೂಜಿ ರೋಲರುಗಳು ತುಕ್ಕು ತಿಂದು ಅರ್ಧ ಗಾತ್ರಕ್ಕಿಳಿದಿದ್ದವು, ಕ್ರಾಸ್‌ನ ತೋಳಿನ ಮೇಲೆ ಅವುಗಳ ಗೆರೆಗಳು ಉಗುರಿಗೆ ಸಿಗುವಷ್ಟು ಆಳವಾಗಿ ಬಿದ್ದಿದ್ದವು. ಹೊರಡುವಾಗ ಕೇಳುತ್ತಿದ್ದ 'ಟಕ್' ಎಂಬ ಸದ್ದನ್ನು ನಾನು ಅದುವರೆಗೆ ಗೇರ್ ಬಾಕ್ಸಿನದೆಂದು ತಿಳಿದಿದ್ದೆ.

ಶಾಫ್ಟನ್ನು ಬಿಚ್ಚುವವರಿಗೆ ಒಂದು ಮಾತು ಹೇಳಲೇಬೇಕು. ಶಾಫ್ಟಿನ ಉದ್ದ ಹೆಚ್ಚುಕಡಿಮೆಯಾಗಲು ಒಂದರೊಳಗೊಂದು ಜಾರುವ ಸ್ಲಿಪ್ ಜಾಯಿಂಟಿನ ಎರಡೂ ಭಾಗಗಳ ಮೇಲೆ ಬಿಚ್ಚುವ ಮೊದಲೇ ಗುರುತು ಹಾಕಿಕೊಳ್ಳಬೇಕು, ಏಕೆಂದರೆ ಒಂದೇ ಶಾಫ್ಟಿನ ಎರಡು ತುದಿಯ ಯೋಕುಗಳು ಒಂದೇ ನೇರದಲ್ಲಿರದೆ ಒಂದು ಹಲ್ಲಿನಷ್ಟು ಆಚೀಚೆಯಾದರೂ ವೇಗ ಹೆಚ್ಚಿದಂತೆ ಗಾಡಿಯಿಡೀ ನಡುಗತೊಡಗುತ್ತದೆ. ಸ್ಲಿಪ್ ಜಾಯಿಂಟಿಗೆ ಮಾತ್ರ ಮನಬಂದಂತೆ ಗ್ರೀಸು ತುಂಬಬಾರದು. ಒಳಗೆ ಜಾಗವಿಲ್ಲದಷ್ಟು ತುಂಬಿದರೆ ಸ್ಪ್ರಿಂಗ್ ಕುಗ್ಗಿದಾಗ ಶಾಫ್ಟು ಒಳಸರಿಯಲಾರದೆ ಗೇರ್ ಬಾಕ್ಸಿನ ಬೇರಿಂಗಿನ ಮೇಲೆ ಒತ್ತಡ ಬೀಳುತ್ತದೆ.

ಎರಡನೆಯ ಪಾಠವನ್ನು ಕಲಿಸಿದ್ದು ಹಿಂದಿನ ಆಕ್ಸಲ್. ಎಡಚಕ್ರದ ಡ್ರಮ್ಮಿನೊಳಗೆ ಗೇರ್ ಆಯಿಲ್ ಸೋರಿ ಬ್ರೇಕ್ ಲೈನಿಂಗ್ ನೆನೆದುಹೋಗಿತ್ತು. ಆಯಿಲ್ ಸೀಲ್ ಬದಲಾಯಿಸಿದೆ. ಮೂರು ತಿಂಗಳಲ್ಲಿ ಮತ್ತೆ ಸೋರಿತು. ಸೀಲೇ ಕಳಪೆಯಿರಬೇಕೆಂದು ಬೇರೆ ತಂದು ಹಾಕಿದೆ, ಅದೂ ಸೋರಿತು. ಮೂರನೆಯ ಸಲ ಆಕ್ಸಲ್ ಹೌಸಿಂಗಿನ ಮೇಲ್ಭಾಗವನ್ನು ತೊಳೆಯುವಾಗ, ಗಟ್ಟಿಯಾದ ಕೆಸರಿನ ಪದರದಡಿ ಬೆರಳ ತುದಿಯಷ್ಟು ದೊಡ್ಡದಾದ ಬ್ರೀದರ್ (ಒಳಗಿನ ಗಾಳಿ ಆಡುವ ಕಿಂಡಿ) ಸಿಕ್ಕಿತು. ಅದರ ಮುಚ್ಚಳ ಅಲುಗಾಡುತ್ತಲೇ ಇರಲಿಲ್ಲ. ಗಾಡಿ ಓಡಿದಂತೆ ಹೌಸಿಂಗಿನೊಳಗಿನ ಗಾಳಿ ಕಾದು ಹಿಗ್ಗುತ್ತದೆ. ಹೊರಹೋಗಲು ದಾರಿಯಿಲ್ಲದಿದ್ದರೆ ಅದು ಎಣ್ಣೆಯನ್ನು ಸೀಲಿನ ಮೂಲಕವೇ ಹೊರನೂಕುತ್ತದೆ. ಇದಕ್ಕಿಂತ ಕೆಟ್ಟದ್ದು ಇದರ ತದ್ವಿರುದ್ಧದ ಸ್ಥಿತಿ: ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಥಟ್ಟನೆ ಕುಗ್ಗಿ, ಸೀಲಿನ ಅಂಚಿನಿಂದಲೋ ಬ್ರೀದರಿನಿಂದಲೋ ನೀರನ್ನು ಒಳಗೆಳೆದುಕೊಳ್ಳುತ್ತದೆ. ಆ ದಿನ ಡ್ರೇನ್ ಪ್ಲಗ್ ತೆಗೆದಾಗ ಬಂದ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣದಲ್ಲಿತ್ತು. ಬೆರಳುಗಳ ನಡುವೆ ಉಜ್ಜಿದರೆ ಎಣ್ಣೆಯ ಜಿಗುಟೇ ಇರಲಿಲ್ಲ. ಆಕ್ಸಲ್ಲಿನ ಗೇರುಗಳಾದ ಕ್ರೌನ್ ವೀಲ್ ಮತ್ತು ಪಿನಿಯನ್ ಅಂಥ ನೀರೆಣ್ಣೆಯಲ್ಲಿ ಎಷ್ಟು ದಿನ ತಿರುಗಿದ್ದವೋ ಎಂದು ನನಗೆ ನಿಜವಾಗಿ ಸಂಕಟವಾಯಿತು.

ತೆಳ್ಳನೆಯ ಎಣ್ಣೆ ಹಾಕಿ, ಎರಡೂ ಹಿಂಚಕ್ರಗಳನ್ನು ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಕೈಯಿಂದಲೇ ತಿರುಗಿಸಿ ತೊಳೆದು, ಪೂರ್ತಿ ಇಳಿಸಿ, ಹೊಸ ಎಣ್ಣೆ ತುಂಬಿದೆ. ಆಮೇಲೆ ಎರಡೂ ಆಕ್ಸಲ್‌ಗಳ ಹಳೆಯ ಬ್ರೀದರನ್ನು ತೆಗೆದು, ಅದರ ಜಾಗಕ್ಕೆ ಪೈಪು ಸಿಕ್ಕಿಸುವ ನಿಪ್ಪಲ್ ಹಾಕಿ, ಎಣ್ಣೆಗೆ ಕರಗದ ಇಂಧನದ ರಬ್ಬರ್ ಪೈಪನ್ನು ಬಾನೆಟ್ಟಿನೊಳಗಿನ ಎತ್ತರದ ಜಾಗಕ್ಕೆ ಒಯ್ದು, ತುದಿಯನ್ನು ಕೆಳಮುಖವಾಗಿ ಬಗ್ಗಿಸಿ ಪುಟ್ಟ ಫಿಲ್ಟರು ಕೂರಿಸಿದೆ. ಆಕ್ಸಲ್ ಪೂರ್ತಿ ಕೆಳಗೆ ಜೋತಾಗಲೂ ಪೈಪು ಎಳೆಯದಷ್ಟು ಸಡಿಲ ಬಿಡಬೇಕು. ನಡುವೆ ನೀರು ನಿಲ್ಲುವಂಥ ತಗ್ಗು ಇರಬಾರದು, ಸೈಲೆನ್ಸರ್ ಪೈಪಿನಿಂದ ದೂರವಿರಬೇಕು. ಅರ್ಧ ದಿನದ ಕೆಲಸವಿದು. ಮೂರನೆಯ ಸಲ ಹಾಕಿದ ಸೀಲು ಐದು ವರ್ಷವಾದರೂ ಒಣಗಿಯೇ ಇದೆ. ನಾನು ಮಾಡಿದ ಸುಧಾರಣೆಗಳಲ್ಲಿ ಯಾವುದನ್ನಾದರೂ ಮತ್ತೊಬ್ಬರಿಗೆ ಒತ್ತಾಯಿಸಿ ಹೇಳಬೇಕೆಂದರೆ ಇದನ್ನೇ ಹೇಳುತ್ತೇನೆ.

ಎಣ್ಣೆ ಬದಲಿಸುವಾಗ ಮೊದಲು ತುಂಬುವ ಪ್ಲಗ್ಗನ್ನು ಬಿಚ್ಚಿ ನೋಡಿ, ಅನಂತರವೇ ಇಳಿಸುವ ಪ್ಲಗ್ಗಿಗೆ ಕೈ ಹಾಕುವುದು ನನ್ನ ಕಟ್ಟುನಿಟ್ಟಿನ ಪದ್ಧತಿ. ಎಣ್ಣೆಯೆಲ್ಲ ಇಳಿದ ಮೇಲೆ ತುಂಬುವ ಪ್ಲಗ್ಗು ತುಕ್ಕು ಹಿಡಿದು ಜಗ್ಗದಿದ್ದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಎಣ್ಣೆಯ ದರ್ಜೆಯ ವಿಷಯದಲ್ಲೂ ಎಚ್ಚರ ಬೇಕು. ಎಡಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ಲಿನ ಹೈಪಾಯ್ಡ್ (ಓರೆಯಾಗಿ ಉಜ್ಜಿಕೊಂಡು ತಿರುಗುವ) ಹಲ್ಲುಗಳಿಗೆ ಜಿಎಲ್-5 ದರ್ಜೆಯ ಎಣ್ಣೆ ಸರಿ. ಆದರೆ ಅದರಲ್ಲಿ ಹೆಚ್ಚಾಗಿರುವ ಗಂಧಕ ಮತ್ತು ರಂಜಕದ ರಾಸಾಯನಿಕಗಳು ಹಳೆಯ ಗೇರ್ ಬಾಕ್ಸಿನ ಗೇರು ಸಲೀಸಾಗಿ ಬೀಳಲು ನೆರವಾಗುವ ಹಿತ್ತಾಳೆಯ ಸಿಂಕ್ರೊ ರಿಂಗುಗಳನ್ನು ತಿನ್ನುವ ಸಂಭವವಿದೆ. ಆದ್ದರಿಂದ ಗೇರ್ ಬಾಕ್ಸಿಗೆ ಕೈಪಿಡಿಯಲ್ಲಿ ಹೇಳಿದ ಜಿಎಲ್-4 ಎಣ್ಣೆಯನ್ನೇ ಹಾಕುತ್ತೇನೆ.

ಟ್ರಾನ್ಸ್‌ಫರ್ ಕೇಸನ್ನು (ಎಂಜಿನ್ನಿನ ಬಲವನ್ನು ಮುಂದಿನ ಹಿಂದಿನ ಆಕ್ಸಲ್ಲುಗಳಿಗೆ ಹಂಚುವ ಪೆಟ್ಟಿಗೆ) ಉಪಯೋಗಿಸದೆ ಬಿಡುವುದೂ ಅದಕ್ಕೆ ಹಾನಿಯೇ. ತಿಂಗಳಿಗೊಮ್ಮೆಯಾದರೂ ಮಣ್ಣಿನ ದಾರಿಯಲ್ಲಿ ಹಬ್ ಲಾಕ್ ಮಾಡಿ, ನಾಲ್ಕು ಚಕ್ರದ ಹೈ (ಸಾಮಾನ್ಯ ವೇಗ) ಮತ್ತು ಲೋ (ನಿಧಾನ, ಹೆಚ್ಚು ಬಲ) ಎರಡರಲ್ಲೂ ಒಂದೆರಡು ಕಿಲೋಮೀಟರ್ ಓಡಿಸುತ್ತೇನೆ. ಮುಂದಿನ ಆಕ್ಸಲ್ಲಿನ ಹಲ್ಲು, ಬೇರಿಂಗುಗಳಿಗೆ ಎಣ್ಣೆ ತಾಗುತ್ತದೆ, ಲಿವರಿನ ಕೀಲುಗಳು ಹಿಡಿದುಕೊಳ್ಳುವುದಿಲ್ಲ. ಒಣಗಿದ ಡಾಂಬರು ರಸ್ತೆಯಲ್ಲಿ ಮಾತ್ರ ಇದನ್ನು ಮಾಡಕೂಡದು. ಇಂಥ ಗಾಡಿಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್ಲಿನ ನಡುವೆ ಡಿಫರೆನ್ಷಿಯಲ್ ಇರುವುದಿಲ್ಲ. ತಿರುವಿನಲ್ಲಿ ಮುಂಚಕ್ರಗಳು ಹೆಚ್ಚು ದೂರ ಕ್ರಮಿಸಬೇಕಾಗುವುದರಿಂದ, ಚಕ್ರ ಜಾರಲು ಅವಕಾಶವಿಲ್ಲದ ನೆಲದಲ್ಲಿ ಆ ವ್ಯತ್ಯಾಸವೆಲ್ಲ ಶಾಫ್ಟುಗಳಲ್ಲಿ ತಿರುಚಾಗಿ ಸೇರಿಕೊಂಡು ಲಿವರು ಹೊರಬರದಂತಾಗುತ್ತದೆ. ಹಾಗಾದಾಗ ನೇರವಾಗಿ ಕೆಲವು ಅಡಿ ರಿವರ್ಸ್ ಹೋದರೆ ಸಾಮಾನ್ಯವಾಗಿ ಬಿಡಿಸಿಕೊಳ್ಳುತ್ತದೆ.

ಹೆಡ್‌ಲೈಟ್ ನನ್ನನ್ನು ಬಹಳ ಕಾಲ ಕಾಡಿದ ವಿಷಯ. ಬೆಳಕು ಹಳದಿಗಟ್ಟಿ ಮಂಕಾಗಿತ್ತು. ಹೆಚ್ಚು ವಾಟಿನ ಬಲ್ಬು ಹಾಕುವಂತೆ ಹಲವರು ಸಲಹೆ ಕೊಟ್ಟರು. ಅದಕ್ಕೆ ಮೊದಲು ಮಲ್ಟಿಮೀಟರ್ ಹಿಡಿದು ಅಳೆದೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ 13.8 ವೋಲ್ಟ್ ಇದ್ದರೆ, ಬಲ್ಬಿನ ಎರಡು ಕಡ್ಡಿಗಳ ನಡುವೆ ಸಿಕ್ಕಿದ್ದು 10.9 ಮಾತ್ರ. ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜು ಶೇಕಡ 10 ಇಳಿದರೆ ಬೆಳಕು ಸುಮಾರು ಶೇಕಡ 30 ಇಳಿಯುತ್ತದೆ. ಹಾಗಾಗಿ ನನಗೆ ಸಿಗಬೇಕಾದ ಬೆಳಕಿನ ಅರ್ಧವೂ ಸಿಗುತ್ತಿರಲಿಲ್ಲ. ಕಳೆದುಹೋದ 2.9 ವೋಲ್ಟಿನಲ್ಲಿ 0.8ರಷ್ಟು ಅರ್ಥ್ ಕಡೆಯಲ್ಲೇ ಹೋಗುತ್ತಿತ್ತು. ಬಾಡಿಯಿಂದ ಚಾಸಿಗೆ, ಚಾಸಿಯಿಂದ ಬ್ಯಾಟರಿಗೆ ಹೋಗುವ ಅರ್ಥ್ ಪಟ್ಟಿಗಳ ಬುಡವನ್ನು ಲೋಹ ಹೊಳೆಯುವವರೆಗೆ ಮರಳು ಕಾಗದದಿಂದ ಉಜ್ಜಿ, ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದೆ. ಹೊಸದೇನನ್ನೂ ಕೊಳ್ಳದೆ ಬೆಳಕು ಕಣ್ಣಿಗೆ ಕಾಣುವಷ್ಟು ಹೆಚ್ಚಿತು.

ಉಳಿದ ನಷ್ಟ ಹಳೆಯ ಸ್ವಿಚ್ಚು ಮತ್ತು ಸಣ್ಣ ತಂತಿಗಳದು. ಎರಡು ಬಲ್ಬುಗಳ ಸುಮಾರು 10 ಆಂಪಿಯರ್ ಕರೆಂಟು ಡ್ಯಾಶ್‌ಬೋರ್ಡನ್ನು ಸುತ್ತಿ ಬರುತ್ತಿತ್ತು. ಹೈ ಮತ್ತು ಲೋ ಬೀಮಿಗೆ ಒಂದೊಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹರಿಸುವ ಸ್ವಿಚ್ಚು) ಹಾಕಿದೆ. ಬ್ಯಾಟರಿಯಿಂದ ಫ್ಯೂಸಿನ ಮೂಲಕ ದಪ್ಪ ತಂತಿ 30ನೆಯ ಟರ್ಮಿನಲ್ಲಿಗೆ, 87ರಿಂದ ಬಲ್ಬಿಗೆ, ಹಳೆಯ ಲೈಟಿನ ತಂತಿ 86ಕ್ಕೆ, 85ರಿಂದ ಅರ್ಥಿಗೆ. ಫ್ಯೂಸು ಬ್ಯಾಟರಿಗೆ ಹತ್ತಿರದಲ್ಲೇ ಇರಬೇಕು. ದೂರವಿದ್ದರೆ ನಡುವಿನ ತಂತಿ ಎಲ್ಲಾದರೂ ಸವೆದು ಬಾಡಿಗೆ ತಾಗಿದಾಗ ಅದನ್ನು ಕಾಯುವವರಿರುವುದಿಲ್ಲ. ಈಗ ಬಲ್ಬಿನಲ್ಲಿ 13.3 ವೋಲ್ಟ್ ಇದೆ. ಬಲ್ಬು ಅದೇ 60/55 ವಾಟಿನದು. ಹೆಚ್ಚು ವಾಟಿನದನ್ನು ಹಾಕಿದ್ದರೆ ಬೆಳಕಿಗಿಂತ ಮೊದಲು ಸ್ವಿಚ್ಚೂ ಹೋಲ್ಡರೂ ಕಾದು ಕರಗುತ್ತಿದ್ದವು.

ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆ, ಬಣ್ಣ ಹೇಗೇ ಇರಲಿ, ಬದಲಿಸುತ್ತೇನೆ. ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್-3 ದರ್ಜೆಯಲ್ಲಿ ಹೊಸದರ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು. ತೇವ ಹೀರಿದ್ದಕ್ಕೆ ನಿಗದಿಯಾದ ಮಿತಿ 140 ಮಾತ್ರ. ಡಾಟ್-4ರಲ್ಲಿ ಇವು 230 ಮತ್ತು 155. ಉದ್ದನೆಯ ಇಳಿಜಾರಿನಲ್ಲಿ ಬ್ರೇಕು ಕಾದಾಗ ಈ ವ್ಯತ್ಯಾಸ ಪೆಡಲಿನಡಿ ಅನುಭವಕ್ಕೆ ಬರುತ್ತದೆ. ನೀರು, ಕೆಸರು ದಾಟಿದ ಮೇಲೆ ಡ್ರಮ್ ಬಿಚ್ಚಿ ಒಳಗಿನ ಮಣ್ಣನ್ನು ತೆಗೆಯದಿದ್ದರೆ ಲೈನಿಂಗೂ ಡ್ರಮ್ಮೂ ಸಾಣೆ ಹಿಡಿದಂತೆ ಸವೆಯುತ್ತವೆ.

ಸ್ಟೀರಿಂಗಿನ ಪರೀಕ್ಷೆಗೆ ಇನ್ನೊಬ್ಬರ ನೆರವು ಬೇಕು. ಎಂಜಿನ್ ಆರಿಸಿ, ಚಕ್ರಗಳು ನೆಲದ ಮೇಲಿರುವಾಗಲೇ, ಅವರು ಸ್ಟೀರಿಂಗನ್ನು ಸ್ವಲ್ಪವೇ ಎಡಕ್ಕೂ ಬಲಕ್ಕೂ ಆಡಿಸುತ್ತಿರಬೇಕು. ನಾನು ಕೆಳಗೆ ಮಲಗಿ ಸ್ಟೀರಿಂಗ್ ಸರಳುಗಳ ತುದಿಯ ಕೀಲಾದ ಪ್ರತಿ ರಾಡ್ ಎಂಡಿನ ಮೇಲೆ ಬೆರಳಿಟ್ಟು ಹೋಗುತ್ತೇನೆ. ಕಣ್ಣಿಗೆ ಕಾಣದ ಪ್ಲೇ (ಸಡಿಲ) ಬೆರಳಿಗೆ ತಪ್ಪದೆ ಸಿಗುತ್ತದೆ. ಚಕ್ರವನ್ನು ಎತ್ತಬೇಕಾದ ಕೆಲಸದಲ್ಲಿ ಬರೀ ಜಾಕನ್ನು ನಂಬಿ ಗಾಡಿಯ ಕೆಳಗೆ ಹೋಗುವುದಿಲ್ಲ. ಸ್ಟ್ಯಾಂಡು ಕೊಟ್ಟ ಮೇಲೆಯೇ.

ಗಾಡಿಯನ್ನು ಎತ್ತರಿಸದಿರಲು ಕಾರಣವಿತ್ತು. ಎತ್ತರ ಹೆಚ್ಚಿದಷ್ಟೂ ಶಾಫ್ಟಿನ ಕೋನ ಹೆಚ್ಚಿ, ಅಷ್ಟು ಕಷ್ಟಪಟ್ಟು ಕಾಪಾಡಿಕೊಂಡ ಯೂನಿವರ್ಸಲ್ ಜಾಯಿಂಟುಗಳೇ ಬೇಗ ಸವೆಯುತ್ತವೆ. ಬ್ರೇಕ್ ಹೋಸು ಬಿಗಿಯಾಗುತ್ತದೆ. ಅದರ ಬದಲು ಸೋತ ಸ್ಪ್ರಿಂಗುಗಳನ್ನು ಮೂಲ ಅಳತೆಯ ಹೊಸವುಗಳಿಂದ ಬದಲಿಸಿದೆ. ಗಾಡಿ ಕಳೆದುಕೊಂಡಿದ್ದ ಎತ್ತರ ತಾನಾಗಿ ಮರಳಿತು. ಸ್ಪ್ರಿಂಗನ್ನು ಆಕ್ಸಲ್ಲಿಗೆ ಬಿಗಿಯುವ ಯು-ಬೋಲ್ಟುಗಳನ್ನು ಕರ್ಣದ ಕ್ರಮದಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿದು, 500 ಕಿಲೋಮೀಟರ್ ಓಡಿಸಿ ಮತ್ತೆ ಬಿಗಿಯಬೇಕು. ಆ ಎರಡನೆಯ ಬಿಗಿತದಲ್ಲಿ ಪ್ರತಿ ನಟ್ಟೂ ಕಾಲು ಸುತ್ತಿನಷ್ಟು ತಿರುಗಿದ್ದು ನನಗೆ ನೆನಪಿದೆ. ಸ್ಪ್ರಿಂಗಿನ ತುದಿಯ ಬುಷ್‌ಗಳಿಗೆ ಗಟ್ಟಿ ಪ್ಲಾಸ್ಟಿಕ್ಕಿನಂಥ ಪಾಲಿಯುರೆಥೇನ್ ಬಾಳಿಕೆ ಬರುತ್ತದೆಂಬುದು ನಿಜವಾದರೂ, ಸ್ಪ್ರಿಂಗು ತಿರುಚಿಕೊಳ್ಳುವ ಕಲ್ಲುದಾರಿಯಲ್ಲಿ ರಬ್ಬರಿನ ಮೃದುತನವೇ ಒಳ್ಳೆಯದೆಂದು ಕಂಡು ರಬ್ಬರನ್ನೇ ಉಳಿಸಿಕೊಂಡೆ.

ವಿಂಚಿಗೆಂದು ತೆಗೆದಿಟ್ಟ ಹಣದಲ್ಲಿ ಚಿಕ್ಕ ಭಾಗವನ್ನು 12 ವೋಲ್ಟಿನ ಗಾಳಿಯ ಕಂಪ್ರೆಸರಿಗೆ ಖರ್ಚು ಮಾಡಿದೆ. ಸಡಿಲ ಮರಳಿನಲ್ಲಿ ಟೈರಿನ ಒತ್ತಡವನ್ನು 18 ಪಿಎಸ್‌ಐಗೆ ಇಳಿಸಿದರೆ ಗಾಡಿ ಹೂತುಕೊಳ್ಳುವ ಪ್ರಸಂಗವೇ ಅಪರೂಪವಾಗುತ್ತದೆ, ರಸ್ತೆಗೆ ಬಂದೊಡನೆ ಮತ್ತೆ ತುಂಬಿಕೊಳ್ಳಬಹುದು. ಜೊತೆಗೆ ಚಾಸಿಗೇ ಬೋಲ್ಟ್ ಮಾಡಿದ, ಭಾರದ ಮಿತಿ ನಮೂದಿಸಿದ ಎಳೆಯುವ ಕೊಕ್ಕೆಗಳನ್ನು ಹಿಂದೆ ಮುಂದೆ ಹಾಕಿದೆ. ಟ್ರೇಲರ್ ಸಿಕ್ಕಿಸುವ ದುಂಡನೆಯ ಕೊಂಡಿಗೆ (ಟೋ ಬಾಲ್) ಹಗ್ಗ ಕಟ್ಟಿ ಹೂತ ಗಾಡಿಯನ್ನು ಎಳೆಯಲು ನಾನು ಯಾರಿಗೂ ಬಿಡುವುದಿಲ್ಲ. ಅದು ಮುರಿದು ಹಾರಿದರೆ ಪ್ರಾಣಕ್ಕೇ ಅಪಾಯ.

ಎಂಜಿನ್ ಆಯಿಲ್, ಡೀಸೆಲ್ ಫಿಲ್ಟರಿನ ತಳದಲ್ಲಿ ಸೇರುವ ನೀರನ್ನು ಇಳಿಸುವುದು, ಏರ್ ಕ್ಲೀನರಿನ ದೂಳು ಇವೆಲ್ಲ ಎಲ್ಲರಿಗೂ ಗೊತ್ತಿರುವ ಕೆಲಸಗಳು. ಕೈಪಿಡಿಯ ಪ್ರಕಾರ ಮಾಡುತ್ತೇನೆ. ಚಾಸಿಯ ಕೆಳಗಿನ ನೀರಿಳಿಯುವ ತೂತುಗಳನ್ನು ಮಾತ್ರ ಮರೆಯುವವರೇ ಹೆಚ್ಚು. ಪ್ರತಿ ತೊಳೆತದಲ್ಲೂ ತಂತಿ ತೂರಿಸಿ ಅವುಗಳಿಂದ ಕೆಸರು ಬಿಡಿಸುತ್ತೇನೆ; ಚಾಸಿ ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗಿನಿಂದಲೇ ತುಕ್ಕು ತಿನ್ನುತ್ತ ಬರುತ್ತದೆ.

ಏನು ಮಾಡಿದೆ, ಯಾವ ಕಿಲೋಮೀಟರಿನಲ್ಲಿ, ಏನು ಕಂಡಿತು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಕಳೆದ ಗ್ರೀಸಿಂಗಿನಲ್ಲಿ ಬರೆದದ್ದು: 'ಮುಂದಿನ ಡಿಫರೆನ್ಷಿಯಲ್, ಪಿನಿಯನ್ ಸೀಲಿನ ಕೆಳಗೆ ತೇವ, ಹನಿ ಇಲ್ಲ.' ಬ್ರೀದರ್ ಪೈಪಿನಲ್ಲಿ ಊದಿ ನೋಡಿದೆ, ಗಾಳಿ ಸರಾಗವಾಗಿ ಹೋಗುತ್ತಿದೆ. ಹಾಗಾದರೆ ಈ ಸಲ ಸೀಲೇ ಸವೆದಿರಬೇಕು, ಇಲ್ಲವೇ ಪಿನಿಯನ್ ಬೇರಿಂಗಿನಲ್ಲಿ ಪ್ಲೇ ಬಂದಿರಬೇಕು. ಮುಂದಿನ ವಾರ ಶಾಫ್ಟಿಗೆ ಗುರುತು ಹಾಕಿ ಬಿಚ್ಚಿ, ಶಾಫ್ಟನ್ನು ಬೋಲ್ಟ್ ಮಾಡುವ ಪಿನಿಯನ್ ಫ್ಲ್ಯಾಂಜನ್ನು ಕೈಯಲ್ಲಿ ಹಿಡಿದು ಅಲುಗಿಸಿ ನೋಡಬೇಕು.